ಮುಳುಗು ಹಾಕುವವನಿಗೆ ಸಾವ್ಕಾರರ ಪಾಠ

ರೇವಣಸಿದ್ದಯ್ಯ: ಉಸಿರು ಒಳಗ ತಗೋಬ್ಯಾಡಲೇ ಭೀಮಲಿಂಗಪ್ಪ! ಹೊರಗ ಬಿಡು, ಪೂರಾ ಬಿಡು!

ಭೀಮಲಿಂಗಪ್ಪ: ಬಿಟ್ಟು ಮುಳುಗಿದ್ರ ಸಾಯ್ತೀನಲ್ರೀ ಸಾವ್ಕಾರ್ರ!

ಆದವಾನಿಯ ಹತ್ತಿ ವ್ಯಾಪಾರಿ ರೇವಣಸಿದ್ದಯ್ಯನವರು ನಾಗಲದಿನ್ನೆಯ ಹೊಳೆದಂಡೆಯಲ್ಲಿ ಒದ್ದೆ ಪಂಚೆಯಲ್ಲೇ, ಮುಳುಗಿ ಹುಡುಕಲೆಂದು ಕರೆಸಿದ್ದ ಊರಿನ ಅಂಬಿಗ ಭೀಮಲಿಂಗಪ್ಪನಿಗೆ ಮೇಷ್ಟ್ರಾಗಿದ್ದರು. ಮಾವನ ಮನೆಗೆ ಬಂದವರು ಬೆಳಿಗ್ಗೆ ಕಲ್ಲಿನ ಮೇಲೆ ಕೂತು, ನೀರಿಗೆ ಹೆದರಿ ಚೊಂಬಿನಲ್ಲಿ ಮೀಯುವಾಗ ಶಿವದಾರ ಕಡಿದು, ಕೊರಳ ಲಿಂಗ ಬೆಳ್ಳಿ ಕರಡಿಗೆ ಸಮೇತ ತುಂಗಭದ್ರೆಯ ಪಾಲಾಗಿತ್ತು. ಲಿಂಗ ಕೊರಳಿಗೆ ಬರುವತನಕ ತುತ್ತು ಮುಟ್ಟುವಂತಿಲ್ಲ. ಅಲ್ಲಿ ಮನೆಯಲ್ಲಿ ಹೋಳಿಗೆ ಬೇಯುತ್ತಿದೆ, ಇಲ್ಲಿ ಇವರ ಹೊಟ್ಟೆ ತಾಳ ಹಾಕುತ್ತಿದೆ.

ರೇವಣಸಿದ್ದಯ್ಯ: ಫೋನಿನ್ಯಾಗ ನೋಡೀನಿ. ಕಡಲಾಗ ಸೀಲ್ ಅಂತ ಪ್ರಾಣಿ ಐತಿ. ನಮ್ಮಂಗ ಮರಿಗೆ ಹಾಲು ಕುಡಸತೈತಿ.

ಭೀಮಲಿಂಗಪ್ಪ: ನೀವು ಯಾವಾಗ ಕುಡಿಸಿದ್ರಿ?

ರೇವಣಸಿದ್ದಯ್ಯ: ಥೂ! ಕೇಳಿಲ್ಲಿ. ಅದು ಉಸಿರು ಹೊರಗ ಬಿಟ್ಟ ಮುಳುಗತೈತಿ. ಬೇಕಾದ ಗಾಳಿ ರಕ್ತದಾಗ, ಖಂಡದಾಗ ಮೊದ್ಲ ತುಂಬಿಟ್ಟಿರತೈತಿ. ಆಳಕ್ಕ ಹೋದಂಗ ಪುಪ್ಪುಸ ನಮ್ಮ ಪ್ರೆಸ್ಸಿನ್ಯಾಗ ಹತ್ತಿ ಬೇಲ್ ಒತ್ತಿದಂಗ ಚಪ್ಪಟಿ!

ಭೀಮಲಿಂಗಪ್ಪ: ಹತ್ತಿಗೆ ಹೆಂಡ್ತಿ ಮಕ್ಳಿಲ್ರಿ. ನನಗದಾರ. ಮತ್ತ ಸಾವ್ಕಾರ್ರ, ಇಲ್ಲಿ ನೀರು ಬರೇ...

ರೇವಣಸಿದ್ದಯ್ಯ: ನಡಕ ಬಾಯಿ ಹಾಕಬ್ಯಾಡ! ಮುಳುಗಿದಾಗ ಸೀಲಿನ ಗುಂಡಿಗಿ ಮೆಲ್ಲಕ ಹೊಡಕೋತೈತಿ. ಹೊಟ್ಟಿಗೆ ರಕ್ತ ಬಂದ್. ಮಿದುಳಿಗೆ, ಗುಂಡಿಗಿಗೆ ಅಷ್ಟ ಸಪ್ಲೈ!

ಅಷ್ಟರಲ್ಲಿ ಅವರ ಹೆಂಡತಿ ಗುರುಶಾಂತಮ್ಮ ಪಾಠ ಕೇಳಿಸಿಕೊಳ್ಳುತ್ತಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

ಗುರುಶಾಂತಮ್ಮ: ಏನ್ರಿ, ಹೋಳಿಗಿ ಆರಾಕತ್ತ್ಯಾವ!

ರೇವಣಸಿದ್ದಯ್ಯ: ಅದರ ಹೆಸರೆತ್ತಬ್ಯಾಡ! ಹಸಿದು ಜೀವ ಹೋಗಾಕತ್ತೈತಿ.

ಗುರುಶಾಂತಮ್ಮ: ನೀವೂ ಹೊಟ್ಟಿಗೆ ಸಪ್ಲೈ ಬಂದ್ ಮಾಡ್ರಿ. ಆ ಸೀಲಿಗಿರೋವಂಥ ಕೊಬ್ಬಂತೂ ನಿಮಗೈತಿ.

ಭೀಮಲಿಂಗಪ್ಪ: ಸರೇ ಸರೇ, ಜಗಳ ಬ್ಯಾಡ್ರಿ, ಹಂಗ ಮಾಡತೀನಿ.

ಉಸಿರೆಲ್ಲ ಹೊರಗೆ ಊದಿ, ದಂಡೆಯಲ್ಲೇ ತಲೆ ಮುಳುಗಿಸಿದ. ನಾಲ್ಕು ಎಣಿಸುವುದರೊಳಗೆ ಕಣ್ಣು ಕೆಂಪಗೆ ಮಾಡಿಕೊಂಡು, ಕೆಮ್ಮುತ್ತಾ ಎದ್ದ.

ಭೀಮಲಿಂಗಪ್ಪ: ಆ ಸೀಲಿನ ಮನಿ ಹಾಳಾಗ!

ಬೈಯುತ್ತಲೇ ನೀರಿನೊಳಗೆ ನಡೆದ. ಹತ್ತು ಹೆಜ್ಜೆ ಹೋದರೂ ನೀರು ಎದೆ ದಾಟಲಿಲ್ಲ. ಕಾಲಿನಿಂದ ಕೆಸರು ತಡವಿ, ಬಗ್ಗಿ, ಕರಡಿಗೆ ಎತ್ತಿ ಹಿಡಿದ.

ರೇವಣಸಿದ್ದಯ್ಯ: ಇಷ್ಟಾನಾ ಆಳ? ಎದಿಮಟ?

ಭೀಮಲಿಂಗಪ್ಪ: ಅದನ್ನ ಹೇಳಾಕ ಬಂದ್ರ ನೀವೆಲ್ಲಿ ಬಿಟ್ರಿ!

ಗುರುಶಾಂತಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡರು.

ಗುರುಶಾಂತಮ್ಮ: ಪಾಪ, ನಮ್ಮ ಶಿವಪ್ಪ! ಎರಡು ತಾಸು ನೀರಾಗ ಉಸಿರು ಬಿಗಿಹಿಡಿದು ಕುಂತಾನ, ನಿಮ್ಮ ಪಾಠ ಮುಗೀಲಿ ಅಂತ!