ಐದು ರಾಣಿಯರ ಮುಂದೆ ಅಧ್ಯಕ್ಷರು

“ಲಾಠಿಗೆ ಬೆನ್ನು ಕೊಟ್ಟವನು ನಾನು! ಮೊಬೈಲಿನೊಳಗಿರೋ ಕುದುರೆಗೆ ಹೆದರ್ತೀನಾ?” ಎಂದು ಬಸ್ ರಿಪೇರಿ ಷೆಡ್ಡಿನ ಕಾರ್ಮಿಕ ಸಂಘದ ಅಧ್ಯಕ್ಷರು ಟೀ ಲೋಟ ಕುಕ್ಕಿದರು. “ಕೇಳ್ರಪ್ಪಾ! ಈ ಚೆಸ್ ಆಟದಲ್ಲಿ ಸೋಲೊಪ್ಪಿಕೊಳ್ಳೋರಿಗೆ ಅಂತ ಒಂದು ಬಿಳಿ ಬಾವುಟದ ಗುಂಡಿ ಇಟ್ಟಿದ್ದಾರೆ. ನಾನದನ್ನ ಒತ್ತಿದರೂ ಸರಿ, ಆಟ ಬಿಟ್ಟು ಎದ್ದರೂ ಸರಿ, ನನ್ನ ಬಾಯಲ್ಲಿ ‘ಸೋತೆ’ ಅಂತ ಬಂದರೂ ಸರಿ, ಆ ಕ್ಷಣವೇ ಅಧ್ಯಕ್ಷಗಿರಿ ಬಿಟ್ಟೆ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಲೇತ್ ಮೆಷಿನ್ ನಡೆಸುವ, ಷೆಡ್ಡೆಲ್ಲ ‘ಮೀಸೆ’ ಎಂದೇ ಕರೆಯುವ ಆಸಾಮಿ ಎಲ್ಲರಿಗಿಂತ ಜೋರಾಗಿ ತಟ್ಟಿದ. ಆ ಕುರ್ಚಿಯ ಮೇಲೆ ಅವನ ಕಣ್ಣು ಬಿದ್ದು ಎರಡು ಚುನಾವಣೆಗಳೇ ಕಳೆದಿದ್ದವು.

ಅಧ್ಯಕ್ಷರ ಆಟಕ್ಕೊಂದು ಸಿದ್ಧಾಂತವಿತ್ತು. ಕಾಲಾಳನ್ನು ಬಲಿಕೊಡುವುದು ಕಾರ್ಮಿಕ ದ್ರೋಹ! ಒಂದು ಕಾಲಾಳು ಉಳಿಯುತ್ತದೆ ಎಂದರೆ ಆನೆ, ಒಂಟೆ, ಕುದುರೆಗಳನ್ನೆಲ್ಲ ಧಾರಾಳವಾಗಿ ಬಿಟ್ಟುಕೊಡುವರು. “ಮ್ಯಾನೇಜರುಗಳು ತಾನೆ, ಹೋದರೆ ಹೋಗಲಿ!” ಹೀಗೆ ಆಡಿದವರು ಗೆಲ್ಲುವುದು ಅಪರೂಪ. ಆದರೆ ಗೆದ್ದ ಆಟ ಮಾತ್ರ ತಪ್ಪದೆ ಸಂಘದ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು, ಕೆಳಗೆ “ಹೋರಾಟಕ್ಕೆ ಸಂದ ಜಯ!” ಎಂಬ ಘೋಷಣೆಯೊಡನೆ.

ಭಾನುವಾರ ಬೆಳಿಗ್ಗೆ ಅವರ ಹೆಂಡತಿ ಅಳತೆ ತೆಗೆದುಕೊಳ್ಳಲು ಹೊರಟಳು. ಹೊಲಿಗೆ ಅವಳ ಕಸುಬು. ನಡುಮನೆಯ ನೆಲದ ತುಂಬ ಆಸ್ಪತ್ರೆ ಸಿಬ್ಬಂದಿಯ ಸಮವಸ್ತ್ರದ ಬಟ್ಟೆಯನ್ನು ಕತ್ತರಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಹರಡಿದ್ದಳು.

“ರೀ, ವಾಷಿಂಗ್ ಮೆಷಿನ್ ಓಡ್ತಿದೆ. ಅದು ನೀರು ಬಿಡೋವಾಗ ಪೈಪು ಸಿಂಕಿನಿಂದ ಜಾರುತ್ತೆ. ಕೈಯಲ್ಲಿ ಹಿಡ್ಕೊಂಡೇ ಇರಬೇಕು. ನನ್ನ ಬಟ್ಟೆಗೆ ಒಂದು ಹನಿ ತಾಗಿದರೆ ಗುರುತೆಲ್ಲ ಅಳಿಸಿಹೋಗುತ್ತೆ.”

“ರಸ್ತೆ ತಡೆ ಮಾಡಿ ಊರನ್ನೇ ನಿಲ್ಲಿಸಿದವನಿಗೆ ಒಂದು ಪೈಪು ಹಿಡಿಯೋಕೆ ಬರಲ್ವೇನೇ?”

“ಊರು ಬೇರೆ, ಪೈಪು ಬೇರೆ” ಎಂದು ಅವಳು ಚಪ್ಪಲಿ ಮೆಟ್ಟಿ ಹೋದಳು.

ಎಡಗೈಯಲ್ಲಿ ಪೈಪು, ಬಲಗೈಯಲ್ಲಿ ಮೊಬೈಲು. ಅವತ್ತು ಅಧ್ಯಕ್ಷರು ಒಂದು ಆಟ ಗೆದ್ದೇಬಿಟ್ಟರು! ಗುಂಪಿಗೆ ಹಾಕಲು ಹೆಬ್ಬೆರಳಿನಲ್ಲೇ ತಡಕಾಡಿ ಒತ್ತಿದರು. ಆದರೆ ಹೋದದ್ದು ಗೆದ್ದ ಆಟವಲ್ಲ, “ಬನ್ನಿ, ನನ್ನೊಡನೆ ಆಡಿ” ಎಂಬ ಬಹಿರಂಗ ಸವಾಲು! ಮೊದಲು ಒತ್ತಿದವನು ಎದುರಾಳಿ, ಉಳಿದವರೆಲ್ಲ ಪ್ರೇಕ್ಷಕರು. ಮೊದಲು ಒತ್ತಿದವನು ಮೀಸೆ.

ಷೆಡ್ಡಿಗೆ ಷೆಡ್ಡೇ ಮೊಬೈಲು ಹಿಡಿದು ನೋಡಲು ಕೂತಿತು. ಅಧ್ಯಕ್ಷರು ಸಿದ್ಧಾಂತ ಬಿಡಲಿಲ್ಲ, ಮೀಸೆ ಸಿಕ್ಕಿದ್ದನ್ನು ಬಿಡಲಿಲ್ಲ. ಮ್ಯಾನೇಜರುಗಳೆಲ್ಲ ಹೋದರು, ಅವರ ಹಿಂದೆಯೇ ಕಾಲಾಳುಗಳೂ ಹೋದವು. ಬರಿಮೈ ರಾಜನೊಬ್ಬ ಬಯಲಲ್ಲಿ ಉಳಿದ.

ಮೀಸೆ ಆಗಲೇ ಕಥೆ ಮುಗಿಸಬಹುದಿತ್ತು. ಆದರೆ ಅವನಿಗೆ ಬೇಕಾಗಿದ್ದು ಗೆಲುವಲ್ಲ, ಬಿಳಿ ಬಾವುಟ! ಆದ್ದರಿಂದ ನಿಧಾನವಾಗಿ ತನ್ನ ಕಾಲಾಳೊಂದನ್ನು ಆಚೆ ತುದಿಗೆ ನಡೆಸಿ ರಾಣಿ ಮಾಡಿದ. ಆಮೇಲೆ ಇನ್ನೊಂದನ್ನು. ಆಮೇಲೆ ಮತ್ತೊಂದನ್ನು. ಮೊದಲಿನ ರಾಣಿಯೂ ಸೇರಿ ನಾಲ್ವರಾದರು.

“ಅಧ್ಯಕ್ಷರೇ, ಯಾಕೆ ಒದ್ದಾಡ್ತೀರಿ? ಒತ್ತಿಬಿಡಿ” ಎಂದು ಗುಂಪಿನಲ್ಲಿ ಬರೆದ.

ಅಧ್ಯಕ್ಷರಿಗೆ ಉರಿದುಹೋಯಿತು. ಬಡ್ತಿ ಕೊಡಿ, ಬಡ್ತಿ ಕೊಡಿ ಎಂದು ಗಂಟಲು ಹರಿದುಕೊಂಡರೂ ಕಂಪನಿ ಈ ಜನ್ಮದಲ್ಲಿ ಕೊಡದಷ್ಟು ಬಡ್ತಿಯನ್ನು ಈ ಬಡ್ಡೀಮಗ ಕೂತಲ್ಲೇ ಕೊಡುತ್ತಿದ್ದಾನಲ್ಲ!

ಆ ಉರಿಯಲ್ಲಿ ಎಡಗೈ ಸಡಿಲವಾಯಿತು. ಮೆಷಿನ್ ಗುಡುಗಿತು. ಪೈಪು ಹಾವಿನಂತೆ ಹೆಡೆಯೆತ್ತಿ ಅಧ್ಯಕ್ಷರ ಮುಖಕ್ಕೇ ಉಗಿದು, ನೆಲಕ್ಕೆ ಬಿದ್ದು, ಸೋಪಿನ ನೊರೆಯನ್ನು ನಡುಮನೆಯ ಕಡೆಗೆ ಮೆರವಣಿಗೆ ಹೊರಡಿಸಿತು!

ಅಲ್ಲಿ ಹೆಂಡತಿಯ ಬಟ್ಟೆ, ಇಲ್ಲಿ ಅಧ್ಯಕ್ಷಗಿರಿ. ಒಂದೇ ಒಂದು ಗುಂಡಿ ಒತ್ತಿದರೆ ಎರಡೂ ಕೈ ಖಾಲಿ. ಹೆಬ್ಬೆರಳು ಬಾವುಟದವರೆಗೂ ಹೋಯಿತು.

“ಥೂ! ಪ್ರಾಣ ಹೋದರೂ ಇಲ್ಲ!”

ನಡುಮನೆಗೆ ನುಗ್ಗಿದರು. ರಾಜನನ್ನು ಒಂದು ಮನೆ ಸರಿಸಿ ಎರಡು ತೋಳಿನ ಬಟ್ಟೆ ಎತ್ತಿಕೊಂಡರು. ಇನ್ನೊಂದು ಮನೆ ಸರಿಸಿ ಒಂದು ಕಾಲರ್ ರಾಶಿ ಬಾಚಿದರು. ನೊರೆ ಕಾಲ ಬೆರಳಿಗೆ ಮುಟ್ಟುವಷ್ಟರಲ್ಲಿ ಆಸ್ಪತ್ರೆಗೆ ಆಸ್ಪತ್ರೆಯೇ ಅವರ ಎದೆಯ ಮೇಲಿತ್ತು. ಹೊಲಿಗೆಯ ಸ್ಟೂಲು ಕಂಡಿತು. ಹತ್ತಿ ಮೂಲೆಗೆ ಒರಗಿ ನಿಂತರು.

ಅದೇ ಹೊತ್ತಿಗೆ ಮೊಬೈಲಿನಲ್ಲೂ ಅವರ ರಾಜ ಮೂಲೆ ಸೇರಿದ್ದ. ಕೊಬ್ಬಿದ ಮೀಸೆ ಐದನೆಯ ರಾಣಿಯನ್ನೂ ಮಾಡಿ ತಂದು ಹತ್ತಿರದಲ್ಲಿ ನಿಲ್ಲಿಸಿದ. ಆಟ ನಿಂತಿತು. ಡ್ರಾ!

ಅಧ್ಯಕ್ಷರು ಗರ್ಜಿಸಿದರು. ಗುಂಪಿಗೆ ಧ್ವನಿ ಸಂದೇಶ ಕಳಿಸಲು ಒತ್ತಿ, “ಸಂಗಾತಿಗಳೇ! ಐವರು ರಾಣಿಯರು ಮುತ್ತಿಗೆ ಹಾಕಿದರೂ ಒಬ್ಬಂಟಿ ರಾಜ ತಲೆ ಬಾಗಲಿಲ್ಲ!” ಎನ್ನುತ್ತಿದ್ದಂತೆ ಬಾಗಿಲು ತೆರೆಯಿತು.

ಹೆಂಡತಿ ನೊರೆ ನೋಡಿದಳು. ಸ್ಟೂಲು ನೋಡಿದಳು.

“ಏನ್ರೀ ಇದು ಅವತಾರ?”

“ಡ್ರಾ ಮಾಡಿದೆ ಕಣೇ! ರಾಜನಿಗೆ ಕಾಲಿಡೋಕೆ ಎಲ್ಲೂ ಜಾಗ ಇಲ್ಲ, ಆದರೆ ಯಾರೂ ಹೊಡೀತಾನೂ ಇಲ್ಲ. ಅದಕ್ಕೇ ಡ್ರಾ.”

“ಓಹೋ, ಈಗ ನೀವು ನಿಂತಿದ್ದೀರಲ್ಲ, ಹಾಗೆ. ಹೊಡೆಯೋದೊಂದು ಬಾಕಿ.”

ಸ್ಟೂಲಿನ ಒಂದು ಕಾಲು ಗಿಡ್ಡ. ಅದು ಟಕಟಕ ಎಂದಿತು. ಕೆಳಗೆ ಸೋಪು, ಎದೆಗೆ ಬಟ್ಟೆ. ಅಧ್ಯಕ್ಷರು ಗೋಡೆಗೆ ಬೆನ್ನು ಒತ್ತಿದರು.

“ಏ, ಬಟ್ಟೆ ತಗೊಳ್ಳೇ, ಬೀಳ್ತೀನಿ!”

“ತಗೋತೀನಿ. ಪೈಪು ಹಿಡಿಯೋದರಲ್ಲಿ ಸೋತೆ ಅನ್ನಿ ಮೊದಲು.”

“ಆಗಲ್ಲ! ಇದು ಬೆದರಿಕೆ!”

“ಹಾಗಾದ್ರೆ ಅಲ್ಲೇ ಇರಿ. ನಾನು ಟೀ ಮಾಡ್ಕೊಂಡು ಬರ್ತೀನಿ.”

ಸ್ಟೂಲು ಇನ್ನೊಮ್ಮೆ ವಾಲಿತು.

“ಸೋತೆ! ಸೋತೆ ಕಣೇ ಮಹಾತಾಯಿ, ಸೋತೆ!”

ಅವಳು ಬಟ್ಟೆ ಇಳಿಸಿಕೊಂಡಳು. ಒಂದು ಗುರುತೂ ಅಳಿಸಿರಲಿಲ್ಲ. ಅಧ್ಯಕ್ಷರು ಗೋಡೆ ಹಿಡಿದು ಇಳಿಯುವಾಗ, ಅಷ್ಟು ಹೊತ್ತೂ ಒತ್ತಿಯೇ ಇದ್ದ ಹೆಬ್ಬೆರಳು ಸಡಿಲಿ ಮೊಬೈಲು ‘ಟಿಂಗ್’ ಎಂದಿತು. ಧ್ವನಿ ಸಂದೇಶ ಘೋಷಣೆಯಿಂದ ಮಹಾತಾಯಿಯವರೆಗೂ ಇಡಿಯಾಗಿ ಗುಂಪಿಗೆ ಹೋಗಿಬಿಟ್ಟಿತ್ತು!

ಮೀಸೆಯ ಉತ್ತರ ಬಂತು: “ಅಧ್ಯಕ್ಷರೇ, ನನ್ನ ಐದು ರಾಣಿಯರ ಕೈಲಾಗದ್ದನ್ನ ಅತ್ತಿಗೆ ಒಬ್ಬರೇ ಮಾಡಿದರು. ನಿಮ್ಮ ಕುರ್ಚಿ ನನಗೆ ಬೇಡ. ಅತ್ತಿಗೆಯ ಹೆಸರು ಸೂಚಿಸ್ತೀನಿ.”

ಅನುಮೋದನೆಯ ಹೆಬ್ಬೆರಳುಗಳು ಸಾಲುಗಟ್ಟಿದವು.

“ಇದು ಅಕ್ರಮ! ಷಡ್ಯಂತ್ರ! ನಾನು ಪ್ರತಿಭಟಿಸ್ತೀನಿ!” ಅಧ್ಯಕ್ಷರು ಮುಷ್ಟಿ ಎತ್ತಿದರು.

ಎತ್ತಿದ ಮುಷ್ಟಿಗೆ ನೆಲ ಒರೆಸುವ ಕೋಲು ಸಿಕ್ಕಿಸಿ, “ಧಾರಾಳವಾಗಿ ಪ್ರತಿಭಟಿಸಿ. ಮೂಲೆಯಿಂದ ಶುರು ಮಾಡಿ” ಎಂದಳು ಹೊಸ ಅಧ್ಯಕ್ಷೆ.