ಹದಿನಾಲ್ಕನೆಯ ಕಂಬದ ಟಿಪ್ಪಣಿ

ಹಳೆಯ ಕಡತದ ಮೊದಲ ಪುಟವನ್ನು ನಕಲು ಮಾಡಿಕೊಂಡು ಹೊಸ ಲೆಕ್ಕ ಶುರುಮಾಡುವುದು ಅಲೆಕ್ಸಾಂಡ್ರಿಯದ ಆ ಇಂಜಿನಿಯರಿಂಗ್ ಕಚೇರಿಯಲ್ಲಿ ಎಲ್ಲರ ಅಭ್ಯಾಸ. ಬಹ್ಗತ್ ಮಾಡಿದ್ದೂ ಅದನ್ನೇ. ಶಾಲೆಯೊಂದರ ಸಭಾಂಗಣದ ಚಾವಣಿ ನಿಲ್ಲುತ್ತದೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಮೊದಲ ಪುಟದಲ್ಲಿ ಕಟ್ಟಡದ ಹೆಸರನ್ನೂ ತಾರೀಕನ್ನೂ ಬದಲಿಸಿ, ಕಡತವನ್ನು ಕಪಾಟಿಗೆ ಸೇರಿಸಿದ್ದ. ಬದಲಿಸದೆ ಬಿಟ್ಟದ್ದು ಒಂದೇ: ‘ಪರಿಶೀಲಿಸಿದವರು’ ಎಂಬಲ್ಲಿದ್ದ, ಕಚೇರಿಯ ಹಿರಿಯ ಇಂಜಿನಿಯರ್ ಫಿಕ್ರಿಯವರ ಸಹಿ. ಫಿಕ್ರಿಯವರು ತೀರಿಕೊಂಡು, ನಲವತ್ತನೆಯ ದಿನದ ಕುರ್‌ಆನ್ ಪಾರಾಯಣವೂ ಮುಗಿದಿತ್ತು. ಸಹಿಯ ಕೆಳಗಿನ ತಾರೀಕು ಹೋದ ಗುರುವಾರದ್ದು.

ಇದು ಅವನ ನೆನಪಿಗೆ ಬಂದದ್ದು ಗುಣಮಟ್ಟದ ಆಡಿಟರ್ ಬರುವ ದಿನ ಬೆಳಿಗ್ಗೆ. ತಿನ್ನುತ್ತಿದ್ದ ರೊಟ್ಟಿ, ಬೇಯಿಸಿದ ಫೂಲ್ ಕಾಳನ್ನು ಅರ್ಧಕ್ಕೇ ಬಿಟ್ಟು ಎದ್ದ. ತಪ್ಪು ಸಿಕ್ಕರೆ ಕಚೇರಿಯ ಪ್ರಮಾಣಪತ್ರ ಹೋಗುತ್ತದೆ, ಅದರ ಹಿಂದೆಯೇ ನೀನೂ ಹೋಗುತ್ತೀಯ ಎಂದು ಯಜಮಾನರು ಹೇಳಿಯಾಗಿತ್ತು.

ಅವನು ನಿಯಮಪುಸ್ತಕವನ್ನೂ ಕಪಾಟಿನ ಕೀಲಿಯನ್ನೂ ಕಾಯುವ ಮದಾಮ್ ಇನ್ಸಾಫ್ ಹತ್ತಿರ ಓಡಿದ.

“ಮದಾಮ್, ಆ ಶಾಲೆ ಕಡತ ಕೊಡ್ತೀರಾ?”

“ಆಡಿಟರ್‌ಗೆ ಕೊಟ್ಬಿಟ್ನಲ್ಲಪ್ಪ. ಬೇರೆ ಎಲ್ಲದ್ರಲ್ಲೂ ಪರಿಶೀಲಕರ ಸಹಿ ಜಾಗ ಖಾಲಿ. ನಿನ್ನದೊಂದ್ರಲ್ಲೇ ಇತ್ತು, ಅದಕ್ಕೇ ಕೊಟ್ಟೆ.”

“ಅದು ಫಿಕ್ರಿಯವರ ಸಹಿ.”

ಇನ್ಸಾಫ್ ಎದೆಯ ಮೇಲೆ ಕೈಯಿಟ್ಟುಕೊಂಡರು. “ಅಲ್ಲಾಹ್ ಕರುಣೆ ತೋರಿಸ್ಲಿ. ಪಾಪ, ಹೋದ ಮೇಲೂ ನಿನ್ನ ಕೆಲಸ ಅವರಿಗೆ ತಪ್ಪಲಿಲ್ವಾ?”

ಆಡಿಟರ್ ಲಬೀಬ್ ಒಣಮೀನಿನ ಹಾಗೆ ತೆಳ್ಳಗೆ, ನೆಟ್ಟಗೆ ಕುಳಿತಿದ್ದರು.

“ಫಿಕ್ರಿಯವರನ್ನ ಸ್ವಲ್ಪ ಕರೀರಿ.”

“ಅವರು ಊರಲ್ಲಿಲ್ಲ ಸಾರ್,” ಎಂದ ಬಹ್ಗತ್.

“ಯಾವಾಗ ಬರ್ತಾರೆ?”

“ಎಲ್ಲರೂ ಎದ್ದು ಬರೋ ದಿನ, ಕಿಯಾಮತ್‌ಗೆ,” ಎಂದರು ಇನ್ಸಾಫ್. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಲಬೀಬರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹನ್ನೆರಡನೆಯ ಪುಟವನ್ನು ತಿರುಗಿಸಿ ತೋರಿಸಿದರು. “ಹಾಗಾದ್ರೆ ಇದನ್ನ ಬರೆದವರು ಯಾರು?”

ಅಂಚಿನಲ್ಲಿ ಹಸಿರು ಪೆನ್ಸಿಲಿನ ಬರಹವಿತ್ತು: ‘ಹದಿನಾಲ್ಕನೆಯ ಕಂಬದ ಬುಡ ಅಲುಗದು ಎಂದು ಹಿಡಿದಿದ್ದೀಯ. ಅಲ್ಲಿರುವುದು ಮರಳು. ಮತ್ತೆ ನೋಡು.’

ಆ ಪುಟವನ್ನು ಬಹ್ಗತ್ ಕೈಯಾರೆ ಮುದ್ರಿಸಿದ್ದ, ಅಂಚು ಖಾಲಿಯಿತ್ತು. ಹಸಿರು ಪೆನ್ಸಿಲ್ ಬಳಸುತ್ತಿದ್ದವರು ಫಿಕ್ರಿಯವರೊಬ್ಬರೇ. ಅವರು ತೀರಿಕೊಂಡ ಮೇಲೆ ಅದನ್ನು ಮೇಜಿನಿಂದ ತೆಗೆದು, ಅಳುತ್ತಿದ್ದ ಅವರ ಮಗಳ ಕೈಗೆ ಕೊಟ್ಟವನೂ ಇವನೇ. ಮುಟ್ಟಿ ನೋಡಿದ. ಬೆರಳಿಗೆ ಹಸಿರು ಪುಡಿ ಹತ್ತಿತು.

“ಮಾತು ನಿಜವೋ ಸುಳ್ಳೋ ನೋಡಿ,” ಎಂದರು ಲಬೀಬ್.

ಬಹ್ಗತ್ ಕಂಬದ ಬುಡವನ್ನು ಸಡಿಲಿಸಿ ಲೆಕ್ಕ ಓಡಿಸಿದ. ಪರದೆಯ ಮೇಲೆ ಚಾವಣಿ, ಒದ್ದೆ ಗೋಣಿಚೀಲದ ಹಾಗೆ ಜೋತುಬಿತ್ತು. ಅದರ ಕೆಳಗೆ ಮುನ್ನೂರು ಮಕ್ಕಳು ಕೂರಬೇಕಿತ್ತು.

ಲಬೀಬ್ ಪೆನ್ನು ತೆರೆದರು. “ಪರಿಶೀಲನೆ ಆಗಿದೆ, ಸರಿಯಾಗೇ ಆಗಿದೆ. ಅದರಲ್ಲಿ ನನ್ನ ತಕರಾರಿಲ್ಲ.”

ಬಹ್ಗತ್‌ಗೆ ಹೋದ ಜೀವ ಬಂದಂತಾಯಿತು.

“ಆದ್ರೆ ಟಿಪ್ಪಣಿಗೆ ನೀವು ಉತ್ತರ ಬರೆದಿಲ್ಲ. ಉತ್ತರ ಒಪ್ಪಿದೆ ಅಂತ ಟಿಪ್ಪಣಿ ಹಾಕಿದವರೇ ಸಹಿ ಮಾಡ್ಬೇಕು, ಬೇರೆಯವರು ಮಾಡೋ ಹಾಗಿಲ್ಲ. ನಿಮ್ಮ ಪುಸ್ತಕದಲ್ಲೇ ಇದೆ. ಶನಿವಾರದೊಳಗೆ ಮಾಡ್ಸಿ, ಇಲ್ಲಾಂದ್ರೆ ಪ್ರಮಾಣಪತ್ರ ರದ್ದು.”

“ಸತ್ತವರ ಹತ್ರಾನಾ ಸಾರ್?”

“ಅದು ನಿಮ್ಮ ಕಚೇರಿಯ ಒಳಗಿನ ವಿಷಯ.”

ಬಹ್ಗತ್ ಕಂಬವನ್ನು ಸರಿಪಡಿಸಿ, ‘ತಪ್ಪಾಯಿತು, ತಿದ್ದಿದ್ದೇನೆ’ ಎಂದು ಉತ್ತರ ಬರೆದು, ಫಿಕ್ರಿಯವರ ಖಾಲಿ ಮೇಜಿನ ಮೇಲಿಟ್ಟ. ಮಧ್ಯಾಹ್ನದ ನಮಾಜಿಗೆ ಹೋಗಿ, ಅವರ ಆತ್ಮಕ್ಕಾಗಿ ಹಿಂದೆಂದೂ ಬೇಡದಷ್ಟು ಮನಸಾರೆ ಬೇಡಿಕೊಂಡ. ಮರಳಿ ಬಂದಾಗ ಹಾಳೆ ಇಟ್ಟಲ್ಲೇ ಇತ್ತು. ಅವನ ಉತ್ತರದ ಕೆಳಗೆ ಎರಡು ಹಸಿರು ಸಾಲುಗಳು.

‘ಉತ್ತರ ಸಾಲದು. ಶುಕ್ರವಾರ ನಾನಿರುವಲ್ಲಿಗೆ ಖುದ್ದಾಗಿ ಬಂದು ವಿವರಿಸು.’

ಇನ್ಸಾಫ್ ಅವನ ಹೆಗಲ ಮೇಲಿಂದ ಓದಿದರು, ಕಣ್ಣೊರೆಸಿಕೊಂಡರು, ನಿಯಮಪುಸ್ತಕ ತೆರೆದು ಬೆರಳಿಟ್ಟು ನೋಡಿದರು.

“ಎರಡು ಪ್ರತಿ ತಗೊಂಡು ಹೋಗಪ್ಪ,” ಎಂದರು ಮೆಲ್ಲಗೆ. “ಒಂದನ್ನ ಇಲ್ಲಿಗೆ ವಾಪಸ್ ಕಳಿಸೋದು ಮಾತ್ರ ಮರೀಬೇಡ.”