ಗಂಡ ಬೀಡಿ ಸೇದಿದರೆ ಎರಡು ಮುಟಿಗಿ

ನನಗಾಗ ಹದಿನೆಂಟು. ನಿಜಾಮರ ಕಾಲದ ಮಾತು. ದಿನ ಬೆಳಗಾದರೆ ನೆರೆಯವರ ಮನೆಗೆ ಬೆಂಕಿ ಬೀಳುವುದನ್ನೇ ನೆನೆಯುವ ಹೆಂಗಸನ್ನು ನೀವು ಕಂಡಿದ್ದೀರಾ? ನನ್ನ ಗಂಡನ ಸೋದರತ್ತೆ ಅಂಥವಳು!

ಕಲಬುರಗಿಯಲ್ಲಿ ಒಂದೇ ಅಂಗಳದ ದೊಡ್ಡ ವಾಡೆಯಲ್ಲಿ ನಾವು, ಅತ್ತೆ ಸೇರಿ ಏಳು ಮನೆಯವರು ಬಾಡಿಗೆಗಿದ್ದೆವು. "ಮನಿ ನಂದು, ಸಾಮಾನು ನಿಮ್ಮದು. ಸುಟ್ಟರ ನನ್ನ ಕೇಳಬ್ಯಾಡ್ರಿ" ಎಂದು ಮಾಲೀಕ ಮೊದಲೇ ಕೈತೊಳೆದುಕೊಂಡಿದ್ದ. ಅದಕ್ಕೇ ಅತ್ತೆ ಒಂದು ಕಾಯಿದೆ ಮಾಡಿದಳು. ಸೋಮವಾರಕ್ಕೊಮ್ಮೆ ಪ್ರತಿ ಮನೆಯಿಂದ ಒಂದು ಮುಟಿಗಿ, ಅಂದರೆ ಒಂದು ಹಿಡಿ, ಜೋಳ ಅವಳ ಗಡಿಗೆಗೆ ಬೀಳಬೇಕು. ಯಾರ ಸಾಮಾನು ಸುಟ್ಟರೂ ಕಳುವಾದರೂ ಆ ಜೋಳ ಮಾರಿ ಹೊಸದು ತಂದುಕೊಡುವುದು.

ಹೊಸ ಬಾಡಿಗೆಯವರು ಬಂದರೆ ಉಳಿದವರು ನೀರು ಕೊಡುತ್ತಿದ್ದರು, ಇವಳು ತನಿಖೆ ಮಾಡುತ್ತಿದ್ದಳು.

"ಗಂಡ ಬೀಡಿ ಸೇದ್ತಾನೇನ ಬೇ?"

"ಇಲ್ರೀ ಅತ್ತಿ."

"ಮತ್ತ ಮೀಸಿ ಯಾಕ ಸುಟ್ಟದ? ನೀ ಎರಡು ಮುಟಿಗಿ ಹಾಕು!"

ಒಬ್ಬಳು ನೆಗ್ಗಿದ ಕೊಡ ಹಿಡಿದು ಹೊಸದು ಕೇಳಲು ಬಂದಳು. ಅತ್ತೆ ಕೊಡವನ್ನು ತಿರುಗಿಸಿ ನೋಡಿ, "ಕಳ್ಳ ಒಯ್ದರ ಕೊಡ್ತೀನಿ. ಗಂಡನ ಮ್ಯಾಲ ಒಗದದ್ದಕ್ಕ ಇಲ್ಲ" ಎಂದಳು. ಗಂಡ ಹಣೆಗೆ ಅರಿಶಿನ ಹಚ್ಚಿಕೊಂಡು ಹಿಂದೆಯೇ ನಿಂತಿದ್ದ!

ನಾನು ಮಾತ್ರ ಸೊಪ್ಪು ಹಾಕಲಿಲ್ಲ. "ನನ್ನ ಕಡೆ ಏನದ ಸುಡಾಕ? ಒಂದು ಕಾಳೂ ಕೊಡಂಗಿಲ್ಲ" ಎಂದೆ. "ಆಯ್ತು ಬೇ" ಎಂದವಳು ಮತ್ತೆ ಕೇಳಲಿಲ್ಲ. ಗೆದ್ದೆ ಅಂದುಕೊಂಡೆ, ಹುಚ್ಚಿ!

ಬೇಸಿಗೆಯ ಒಂದು ಮಧ್ಯಾಹ್ನ ನೀರಿಗೆ ಹೋಗಿದ್ದೆ. ಒಲೆಯ ಕಿಡಿ ಪಕ್ಕದಲ್ಲಿ ಒಟ್ಟಿದ್ದ ಜೋಳದ ಒಣ ದಂಟಿಗೆ, ಕಣಿಕೆಗೆ, ಹಾರಿತು. ವಾಡೆಯವರು ಸೇರಿ ಆರಿಸುವಷ್ಟರಲ್ಲಿ ನನ್ನ ಸೀರೆಗಳು, ಹಿಟ್ಟು ನಾದುವ ಕಟ್ಟಿಗೆಯ ಪರಾತ, ತವರು ಕಮಲಾಪುರದಲ್ಲಿ ಅವ್ವ ಹೊಲಿದುಕೊಟ್ಟ ಕೌದಿ, ಎಲ್ಲ ಬೂದಿ. ಉಟ್ಟ ಸೀರೆಯೊಂದೇ ಉಳಿಯಿತು. ಕಟ್ಟೆಯ ಮೇಲೆ ಕುಳಿತು ಬೈಗುಳಕ್ಕೆ ಕಾದೆ.

ಸಂಜೆ ಅತ್ತೆ ಬಂದಳು. ಎರಡು ಸೀರೆ, ಒಂದು ಪರಾತ, ಒಂದು ಕೌದಿ ತಂದು ನನ್ನ ಮುಂದಿಟ್ಟಳು.

"ನಾ ಜ್ವಾಳ ಹಾಕೇ ಇಲ್ಲಲ್ರೀ ಅತ್ತಿ?"

"ನೀ ಹಾಕಿಲ್ಲ, ನಿನ್ನ ಹೆಸರಲೇ ನಾ ಹಾಕೀನಿ. ವಾರಾ ಎರಡು ಮುಟಿಗಿ."

"ಎರಡ್ಯಾಕ?"

"ನಿನ್ನ ಒಲಿ ಬಾಜೂಕ ಕಣಿಕಿ ಒಟ್ಟಿದ್ದು ನೋಡಿದ್ದೆ."

ಅಷ್ಟು ದಿನ ಇವಳು ಒಬ್ಬಳೇ ನನ್ನ ಮನೆಯನ್ನೂ ಕಾದಿದ್ದಳು.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದೆ. ಅವಳ ಒಲೆ ಹೊತ್ತಿಸಿ, ಹೊಸ ಪರಾತದಲ್ಲಿ ಹಿಟ್ಟು ನಾದಿ, ಮೊದಲ ರೊಟ್ಟಿ ಅವಳಿಗೇ ಕೊಟ್ಟೆ. "ದಪ್ಪ ಆಗೇದ" ಎಂದಳು. ಎರಡನೆಯದನ್ನು ತೆಳ್ಳಗೆ ಬಡಿದೆ.